ಅರವತ್ತನೆಯ ಸೆಕೆಂಡಿನ ಬೆಸುಗೆ: ಬೀಟಲ್ಸ್ ತಂಡದ 1967ರ ಸಿಂಗಲ್ ಕುರಿತು ಚರ್ಚೆ

ಹಳೇ ರೆಕಾರ್ಡು (ಚರ್ಚೆ ಆರಂಭಿಸಿದವರು):

‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಮತ್ತು ‘ಪೆನ್ನಿ ಲೇನ್’ ಹಾಡುಗಳಿದ್ದ ಬೀಟಲ್ಸ್ ತಂಡದ ಸಿಂಗಲ್ 1967ರ ಫೆಬ್ರವರಿ 13ರಂದು ಅಮೆರಿಕದಲ್ಲಿ, ಅದೇ ತಿಂಗಳ 17ರಂದು ಬ್ರಿಟನ್ನಿನಲ್ಲಿ ಬಿಡುಗಡೆಯಾಯಿತು. ಸಾಮಾನ್ಯವಾಗಿ ಸಿಂಗಲ್ ತಟ್ಟೆಯ ಒಂದು ಮಗ್ಗುಲು ಮುಖ್ಯವಾದದ್ದು, ಇನ್ನೊಂದು ಭರ್ತಿಗೆಂದು ಇರುವಂಥದ್ದು; ಈ ತಟ್ಟೆಯಲ್ಲಾದರೋ ಎರಡೂ ಮಗ್ಗುಲು ಮುಖ್ಯವೆಂದೇ ಸಾರಲಾಗಿತ್ತು. ಆದರೂ ಅದು ಬ್ರಿಟನ್ನಿನ ‘ರೆಕಾರ್ಡ್ ರೀಟೇಲರ್’ ಪತ್ರಿಕೆಯ ಮಾರಾಟದ ಪಟ್ಟಿಯಲ್ಲಿ ಎರಡನೆಯ ಸ್ಥಾನದಿಂದ ಮೇಲೇರಲಿಲ್ಲ. 1963ರ ‘ಫ್ರಮ್ ಮಿ ಟು ಯೂ’ ಹಾಡಿನಿಂದ 1966ರ ‘ಎಲೀನರ್ ರಿಗ್ಬಿ’ಯವರೆಗೆ ಈ ತಂಡದ ಹೊಸ ಸಿಂಗಲ್‌ಗಳೆಲ್ಲ ಅದೇ ಪಟ್ಟಿಯ ಮೊದಲ ಸ್ಥಾನ ಹಿಡಿದಿದ್ದವು ಎಂಬುದನ್ನು ನೆನೆದರೆ, ಆಗಿನ ಪತ್ರಿಕೆಗಳು ಇದನ್ನು ಸೋಲೆಂದು ಬರೆದದ್ದರಲ್ಲಿ ಆಶ್ಚರ್ಯವಿಲ್ಲ.

ಈ ಸೋಲಿನ ಕಥೆಯನ್ನು ನಾವೆಲ್ಲ ಒಂದು ತಮಾಷೆಯ ಪ್ರಸಂಗದಂತೆ ಹೇಳಿ ಮುಗಿಸುತ್ತೇವೆ. ಅದನ್ನು ತಯಾರಿಕೆಯ ಕಥೆಯಿಂದ ಬೇರ್ಪಡಿಸಿ ನೋಡುವುದು ಸರಿಯಲ್ಲ ಎಂಬುದು ನನ್ನ ವಾದ. 1966ರ ಆಗಸ್ಟ್ 29ರಂದು ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಂಡಲ್‌ಸ್ಟಿಕ್ ಪಾರ್ಕ್‌ನಲ್ಲಿ ಕೊನೆಯ ಕಛೇರಿ ನೀಡಿ ಪ್ರವಾಸಕ್ಕೆ ವಿದಾಯ ಹೇಳಿದ ತಂಡ, ವೇದಿಕೆಯ ಮೇಲೆ ನುಡಿಸಬೇಕೆಂಬ ಹಂಗು ತೊರೆದು ಸಿದ್ಧಪಡಿಸಿದ ಮೊದಲ ತಟ್ಟೆ ಇದು. ಕೇಳುಗರಿಗೆ ಗುರುತಿದ್ದ ಬೀಟಲ್ಸ್ ಎಂದರೆ ಗಿಟಾರ್ ಹಿಡಿದು ನಿಂತು ಹಾಡುವ ನಾಲ್ವರು. ಅವರ ಕೈಗೆ ಬಂದದ್ದಾದರೋ ಯಾರೂ ಎಲ್ಲಿಯೂ ಒಂದೇ ಉಸಿರಿನಲ್ಲಿ ನುಡಿಸಿರದ, ಎರಡು ಬೇರೆ ಬೇರೆ ಧ್ವನಿಮುದ್ರಣಗಳನ್ನು ಕತ್ತರಿಸಿ ಅಂಟಿಸಿದ ಒಂದು ಹಾಡು. ತಯಾರಿಕೆಯ ಈ ಹೊಸತನವೇ ಸ್ವಾಗತದ ಗೊಂದಲಕ್ಕೂ ಮೂಲವೆಂದು ನಾನು ತಿಳಿಯುತ್ತೇನೆ. ಧ್ವನಿಮುದ್ರಣದ ಒಳಗುಟ್ಟು ಬಲ್ಲವರು ಇಲ್ಲಿದ್ದಾರೆ, ಅವರು ಮೊದಲು ಬರೆಯಲಿ.

ರೀಲು ಟೇಪು:

ತಯಾರಿಕೆಯ ಭಾಗವನ್ನು ನಾನು ಬರೆಯುತ್ತೇನೆ. ಟೇಪು ಕತ್ತರಿಸಿ ಅಂಟಿಸುವ ಕೆಲಸವನ್ನು ಕೈಯಾರೆ ಮಾಡಿದವನಾದ್ದರಿಂದ ಕೊಂಚ ದೀರ್ಘವಾಗಿಯೇ ಬರೆಯುತ್ತೇನೆ, ಸಹಿಸಿಕೊಳ್ಳಬೇಕು.

ತಂಡದ ನಾಲ್ವರಲ್ಲಿ ಒಬ್ಬರಾದ ಜಾನ್ ಲೆನನ್ ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಹಾಡನ್ನು ಕಟ್ಟತೊಡಗಿದ್ದು 1966ರ ಶರತ್ಕಾಲದಲ್ಲಿ, ಸ್ಪೇನಿನ ಅಲ್ಮೆರಿಯಾದಲ್ಲಿ. ರಿಚರ್ಡ್ ಲೆಸ್ಟರ್ ಅವರ ಚಲನಚಿತ್ರದಲ್ಲಿ ಪಾತ್ರ ವಹಿಸಲು ಅಲ್ಲಿಗೆ ಹೋಗಿದ್ದವರಿಗೆ ಚಿತ್ರೀಕರಣದ ನಡುವೆ ಬೇಕಾದಷ್ಟು ಬಿಡುವಿತ್ತು. ಹಾಡಿನ ಹೆಸರು ಲಿವರ್‌ಪೂಲಿನ ವೂಲ್ಟನ್ ಬಡಾವಣೆಯಲ್ಲಿ ಸಾಲ್ವೇಷನ್ ಆರ್ಮಿ ಎಂಬ ಕ್ರೈಸ್ತ ಸೇವಾಸಂಸ್ಥೆ ನಡೆಸುತ್ತಿದ್ದ ಮಕ್ಕಳ ಆಶ್ರಯಧಾಮದ್ದು. ಲೆನನ್ ಬೆಳೆದ ದೊಡ್ಡಮ್ಮ ಮಿಮಿಯವರ ಮನೆ ಅದರ ಸಮೀಪದಲ್ಲೇ ಇತ್ತು, ಪ್ರತಿ ಬೇಸಿಗೆಯಲ್ಲಿ ಅಲ್ಲಿ ನಡೆಯುತ್ತಿದ್ದ ತೋಟದ ಹಬ್ಬಕ್ಕೆ ಹುಡುಗ ತಪ್ಪದೆ ಹೋಗುತ್ತಿದ್ದ.

ಧ್ವನಿಮುದ್ರಣ ಆರಂಭವಾದದ್ದು 1966ರ ನವೆಂಬರ್ 24ರಂದು, ಲಂಡನ್ನಿನ ಆ್ಯಬಿ ರಸ್ತೆಯ ಇಎಂಐ ಸ್ಟುಡಿಯೋದಲ್ಲಿ. ಅಂದಿನ ಮೊದಲ ಟೇಕ್‌ನಲ್ಲಿ, ಅಂದರೆ ಹಾಡನ್ನು ಮುದ್ರಿಸಿಕೊಂಡ ಮೊದಲ ಸುತ್ತಿನಲ್ಲಿ, ಪಲ್ಲವಿಯಿಲ್ಲದೆ ನೇರವಾಗಿ ಚರಣದಿಂದಲೇ ಹಾಡು ತೊಡಗುತ್ತದೆ. ಪಲ್ಲವಿಯನ್ನು ಮುಂದಕ್ಕೆ ತಂದು, ಅದಕ್ಕೊಂದು ಪೀಠಿಕೆಯನ್ನು ಜೋಡಿಸಿದ್ದು ನವೆಂಬರ್ 28 ಮತ್ತು 29ರ ಟೇಕ್‌ಗಳಲ್ಲಿ. ಕೊಳಲಿನ ಹಾಗೆ ಕೇಳಿಸುವ ಆ ಪೀಠಿಕೆಯನ್ನು ಪಾಲ್ ಮೆಕಾರ್ಟ್ನಿ ನುಡಿಸಿದ್ದು ಮೆಲೊಟ್ರಾನ್ ಎಂಬ ವಾದ್ಯದಲ್ಲಿ. ಆ ವಾದ್ಯದ ಪ್ರತಿಯೊಂದು ಕೀಲಿಯ ಅಡಿಯಲ್ಲೂ ಒಂದೊಂದು ಟೇಪಿನ ಪಟ್ಟಿಯಿರುತ್ತದೆ. ಕೀಲಿಯನ್ನು ಒತ್ತಿದಾಗ ಆ ಪಟ್ಟಿಯಲ್ಲಿ ಮೊದಲೇ ಮುದ್ರಿಸಿದ ಕೊಳಲಿನ ಅಥವಾ ಪಿಟೀಲಿನ ಸ್ವರ ಸುಮಾರು 8 ಸೆಕೆಂಡ್ ಕಾಲ ಕೇಳುತ್ತದೆ, ಬೆರಳೆತ್ತಿದೊಡನೆ ಪಟ್ಟಿ ಸ್ಪ್ರಿಂಗಿನ ಸೆಳೆತಕ್ಕೆ ಹಿಂದಕ್ಕೆ ಬರುತ್ತದೆ. ಆ ಪೀಠಿಕೆಯಲ್ಲಿ ಒಂದು ಸಣ್ಣ ನಡುಕ, ಉಸಿರು ಸಾಲದಂಥ ಒಂದು ಭಾವ ಇರುವುದು ಈ ಯಂತ್ರದ ಗುಣದಿಂದಲೇ.

ಏಳನೆಯ ಟೇಕ್ ಸಿದ್ಧವಾದಾಗ ಹಾಡು ಮುಗಿಯಿತೆಂದೇ ಎಲ್ಲರೂ ಭಾವಿಸಿದ್ದರು. ಲೆನನ್‌ಗೆ ತೃಪ್ತಿಯಾಗಲಿಲ್ಲ. ಡಿಸೆಂಬರ್ 8ರಿಂದ ಮತ್ತೆ ಮೊದಲಿನಿಂದ, ಹೆಚ್ಚು ವೇಗದಲ್ಲಿ, ತಾಳವಾದ್ಯಗಳ ಅಬ್ಬರದೊಂದಿಗೆ ಮುದ್ರಣ ನಡೆಯಿತು. ನಿರ್ಮಾಪಕ ಜಾರ್ಜ್ ಮಾರ್ಟಿನ್ ಬರೆದ ಸ್ವರಲಿಪಿಯನ್ನು ಡಿಸೆಂಬರ್ 15ರಂದು ನಾಲ್ಕು ತುತ್ತೂರಿ ಮತ್ತು ಮೂರು ಚೆಲ್ಲೊ (ಪಿಟೀಲಿನ ಜಾತಿಯ ದೊಡ್ಡ ವಾದ್ಯ) ವಾದಕರು ನುಡಿಸಿದರು. ಇದು 26ನೆಯ ಟೇಕ್ ಎಂದು ದಾಖಲಾಯಿತು. ಅದನ್ನು ಕೇಳಿದ ಲೆನನ್, ಮೊದಲಿನದರ ಆರಂಭವೂ ಇದರ ಮುಂದಿನ ಭಾಗವೂ ತಮಗಿಷ್ಟವೆಂದೂ, ಎರಡನ್ನೂ ಜೋಡಿಸಿಕೊಡಬೇಕೆಂದೂ ಮಾರ್ಟಿನ್ ಅವರನ್ನು ಕೇಳಿದರು. ಎರಡರ ಶ್ರುತಿಯೂ ಬೇರೆ, ಲಯವೂ ಬೇರೆ ಎಂದು ಮಾರ್ಟಿನ್ ಹೇಳಿದರೂ ಲೆನನ್ ಬಿಡಲಿಲ್ಲ.

ಇಲ್ಲಿ ಅದೃಷ್ಟ ಕೈಹಿಡಿಯಿತು. ಟೇಪಿನ ವೇಗವನ್ನು ಇಳಿಸಿದರೆ ಶ್ರುತಿಯೂ ಇಳಿಯುತ್ತದೆ, ಲಯವೂ ನಿಧಾನವಾಗುತ್ತದೆ. ಅಂದಿನ ಯಂತ್ರಗಳಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಬದಲಿಸುವ ದಾರಿಯೇ ಇರಲಿಲ್ಲ. ಸುಮಾರು ಶೇಕಡಾ 6ರಷ್ಟು ವೇಗ ಕಡಿಮೆಯಾದರೆ ಶ್ರುತಿ ಅರ್ಧ ಸ್ವರ, ಅಂದರೆ ಹಾರ್ಮೋನಿಯಮ್ಮಿನ ಒಂದು ಮನೆಯಷ್ಟು ಇಳಿಯುತ್ತದೆ. ಎರಡು ಟೇಕ್‌ಗಳಲ್ಲಿ ವೇಗದ ಟೇಕ್ ಯಾವುದೋ ಅದರ ಶ್ರುತಿಯೇ ಮೇಲಿತ್ತು. ಹಾಗಾಗಿ ಏಳನೆಯದನ್ನು ಕೊಂಚ ಏರಿಸಿ 26ನೆಯದನ್ನು ಇಳಿಸಿದಾಗ ಶ್ರುತಿ ಮತ್ತು ಲಯ ಎರಡೂ ಒಟ್ಟಿಗೆ ಹತ್ತಿರ ಬಂದವು. ವೇಗದ ಟೇಕ್‌ನ ಶ್ರುತಿ ಕೆಳಗಿದ್ದಿದ್ದರೆ ಈ ಬೆಸುಗೆಯನ್ನು ಯಾರಿಂದಲೂ ಮಾಡಲಾಗುತ್ತಿರಲಿಲ್ಲ.

ಡಿಸೆಂಬರ್ 22ರಂದು ಮಾರ್ಟಿನ್ ಮತ್ತು ಆಗಿನ್ನೂ 21ರ ಹರೆಯದ ಧ್ವನಿತಂತ್ರಜ್ಞ ಜೆಫ್ ಎಮೆರಿಕ್ ಸೇರಿ ಆ ಕೆಲಸವನ್ನು ಮುಗಿಸಿದರು. ಬೆಸುಗೆ ಬೀಳುವುದು ಸರಿಯಾಗಿ ಒಂದನೆಯ ನಿಮಿಷದ ಹೊತ್ತಿಗೆ, ಎರಡನೆಯ ಬಾರಿ ಬರುವ ಪಲ್ಲವಿಯ ಮೊದಲ ಸಾಲಿನ ನಡುವೆ. ಸೆಕೆಂಡಿಗೆ 15 ಇಂಚಿನಂತೆ ಓಡುವ ಟೇಪಿನಲ್ಲಿ ಅಷ್ಟು ಹೊತ್ತೆಂದರೆ 75 ಅಡಿ. ಆ 75 ಅಡಿ ಕಳೆದ ಮೇಲೆ ಬೇರೆಯೇ ದಿನದ, ಬೇರೆಯೇ ವಾದ್ಯಗಳ ಟೇಪು ಶುರುವಾಗುತ್ತದೆ. ಟೇಪನ್ನು ನೇರವಾಗಿ ಕತ್ತರಿಸಿದರೆ ಸದ್ದು ತಟ್ಟನೆ ಬದಲಾಗಿ ಕಿವಿಗೆ ತಾಗುತ್ತದೆ, ಓರೆಯಾಗಿ ಕತ್ತರಿಸಿದಷ್ಟೂ ಒಂದರ ಸದ್ದು ಇನ್ನೊಂದರೊಳಕ್ಕೆ ಮೆಲ್ಲಗೆ ಇಳಿಯುತ್ತದೆ. ಬೆಸುಗೆ ಎಲ್ಲಿದೆಯೆಂದು ಗೊತ್ತಿರುವವರು ಲೆನನ್ ಅವರ ಕಂಠವನ್ನು ಗಮನಿಸಿ ಕೇಳಬೇಕು. ಆ ಕ್ಷಣದಿಂದ ಮುಂದಕ್ಕೆ ಅದು ದಪ್ಪವಾಗುತ್ತದೆ, ತುಸು ನಿದ್ದೆಗಣ್ಣಿನದಾಗುತ್ತದೆ.

ತಂಬೂರಿ:

ರೀಲು ಟೇಪು ಅವರೇ, ನಿಮ್ಮ ವಿವರಣೆಗೆ ಒಂದು ಮಾತು ಸೇರಿಸುತ್ತೇನೆ. 26ನೆಯ ಟೇಕ್‌ನ ಭಾಗದಲ್ಲಿ ಜಾರ್ಜ್ ಹ್ಯಾರಿಸನ್ ಸ್ವರಮಂಡಲವನ್ನು ಮೀಟಿದ್ದಾರೆ. ತಂತಿಗಳ ಮೇಲೆ ಬೆರಳನ್ನು ಒಮ್ಮೆಲೇ ಎಳೆದಾಗ ಮೇಲಿನಿಂದ ಕೆಳಕ್ಕೆ ಸ್ವರಗಳು ಜಾರಿ ಬರುವ ಆ ಸದ್ದು ಹಿಂದೂಸ್ತಾನಿ ಗಾಯನ ಕೇಳುವವರಿಗೆಲ್ಲ ಪರಿಚಿತ. ಹ್ಯಾರಿಸನ್ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಭಾರತಕ್ಕೆ ಬಂದು, ಮುಂಬಯಿ ಮತ್ತು ಶ್ರೀನಗರಗಳಲ್ಲಿ ಪಂಡಿತ್ ರವಿಶಂಕರ್ ಅವರಲ್ಲಿ ಸಿತಾರ್ ಅಭ್ಯಾಸ ಮಾಡಿ ಮರಳಿದ್ದರು. ಇದಾದ ಕೆಲವೇ ವಾರಗಳಲ್ಲಿ ಈ ಹಾಡಿನ ಮುದ್ರಣ ನಡೆಯಿತು.

ನಮ್ಮಲ್ಲಿ ಗಾಯಕರು ಸ್ವರಮಂಡಲವನ್ನು ಅಂದಿನ ರಾಗದ ಸ್ವರಗಳಿಗೆ ಶ್ರುತಿ ಮಾಡಿಕೊಂಡು ಮಡಿಲಲ್ಲಿಟ್ಟುಕೊಳ್ಳುತ್ತಾರೆ. ಅದು ಹಾಡಿಗೆ ಒಂದು ಹಿನ್ನೆಲೆಯ ಹಾಸು. ಇಲ್ಲಿ ಅದರ ಕೆಲಸ ಬೇರೆ, ಅದು ಒಂದು ಭಾಗ ಮುಗಿದು ಇನ್ನೊಂದು ಶುರುವಾಗುವಲ್ಲಿ ಬಾಗಿಲಿನಂತೆ ನಿಂತಿದೆ. ಇನ್ನೂ ಒಂದು ಸಂಗತಿಯಿದೆ. ಸ್ವರಮಂಡಲವನ್ನು ಮುದ್ರಿಸಿದ ಬಳಿಕ ಇಡೀ ಟೇಪನ್ನೇ ನಿಧಾನಗೊಳಿಸಿದ್ದರಿಂದ ನಾವು ಕೇಳುತ್ತಿರುವುದು ಹ್ಯಾರಿಸನ್ ಶ್ರುತಿ ಮಾಡಿದ ಸ್ವರಮಂಡಲವನ್ನಲ್ಲ. ಅವರು ಎಳೆದದ್ದಕ್ಕಿಂತ ನಿಧಾನವಾದ, ಅವರು ಕೂಡಿಸಿದ್ದಕ್ಕಿಂತ ಕೆಳಗಿನ ಶ್ರುತಿಯ ಒಂದು ವಾದ್ಯವದು. ತುತ್ತೂರಿ ಮತ್ತು ಚೆಲ್ಲೊಗಳಿಗೂ ಇದೇ ಮಾತು ಸಲ್ಲುತ್ತದೆ. ಅವುಗಳ ಸದ್ದಿನಲ್ಲಿ ಒಂದು ಭಾರ ಕಾಣುವುದಕ್ಕೆ ಅರ್ಧ ಕಾರಣ ಮಾರ್ಟಿನ್ ಅವರ ಸ್ವರಲಿಪಿ, ಇನ್ನರ್ಧ ಟೇಪಿನ ಇಳಿದ ವೇಗ.

ನನ್ನ ಗುರುಗಳಿಗೆ ಈ ಹಾಡನ್ನು ಕೇಳಿಸಿದಾಗ ಶ್ರುತಿ ‘ಬಿಳಿಯೂ ಅಲ್ಲ, ಕಪ್ಪೂ ಅಲ್ಲ’ ಎಂದು ಹಾರ್ಮೋನಿಯಮ್ ಮುಚ್ಚಿಟ್ಟರು. ಅವರು ಹೇಳಿದ್ದು ಸರಿಯೇ. ಟೇಪಿನ ವೇಗವನ್ನು ಕಿವಿಯಿಂದ ಹೊಂದಿಸಿದ್ದರಿಂದ ಬಿಡುಗಡೆಯಾದ ಹಾಡಿನ ಶ್ರುತಿ ಎರಡು ಮನೆಗಳ ನಡುವೆ ಎಲ್ಲೋ ನಿಂತಿದೆ, ತಟ್ಟೆಯ ಜೊತೆಗೆ ಹಾರ್ಮೋನಿಯಮ್ ಹಿಡಿದು ಕೂತರೆ ಕೂಡುವುದಿಲ್ಲ.

ಸೀದಾ ಮಾತು:

ಇಷ್ಟೆಲ್ಲ ಓದಿದ ಮೇಲೂ ನನಗೆ ಒಪ್ಪಿಗೆಯಾಗದ ಸಂಗತಿಗಳಿವೆ, ಅವನ್ನು ನೇರವಾಗಿಯೇ ಹೇಳುತ್ತೇನೆ.

ಮೊದಲನೆಯದಾಗಿ, ಬೆಸುಗೆಯ ಕಥೆಯನ್ನು ಕೇಳಿ ಹಾಡನ್ನು ಮೆಚ್ಚುವುದಕ್ಕೂ ಹಾಡನ್ನೇ ಕೇಳಿ ಮೆಚ್ಚುವುದಕ್ಕೂ ವ್ಯತ್ಯಾಸವಿದೆ. 1967ರಲ್ಲಿ ತಟ್ಟೆ ಕೊಂಡವರಿಗೆ ಟೇಕ್ 7, ಟೇಕ್ 26 ಎಂಬ ಯಾವ ಲೆಕ್ಕವೂ ತಿಳಿದಿರಲಿಲ್ಲ. ಅವರು ಕೇಳಿದ್ದು ಮಂಕಾಗಿ ಆರಂಭವಾಗಿ, ನಡುವೆ ಗದ್ದಲವಾಗಿ, ಒಮ್ಮೆ ಮುಗಿದಂತೆ ಮಾಡಿ ಮತ್ತೆ ತಲೆಯೆತ್ತುವ ನಾಲ್ಕು ನಿಮಿಷಕ್ಕೂ ಮೀರಿದ ಒಂದು ಹಾಡನ್ನು. ಅದು ಅವರಿಗೆ ಇಷ್ಟವಾಗದಿದ್ದರೆ ಅದಕ್ಕೆ ತಯಾರಿಕೆಯ ತತ್ತ್ವಜ್ಞಾನವನ್ನು ಕಾರಣ ಮಾಡಬೇಕಾಗಿಲ್ಲ.

ಎರಡನೆಯದಾಗಿ, ಹಾಡಿನ ಕರ್ತೃವಿಗೇ ಅದು ಪೂರ್ತಿ ಒಪ್ಪಿಗೆಯಾಗಿರಲಿಲ್ಲ. ವರ್ಷಗಳ ಬಳಿಕ ಲೆನನ್ ಮಾರ್ಟಿನ್ ಅವರ ಬಳಿ ಇದನ್ನು ಇನ್ನೊಮ್ಮೆ ಮುದ್ರಿಸಬೇಕೆಂಬ ಆಸೆಯನ್ನು ಹೇಳಿಕೊಂಡಿದ್ದರು. ನಾವು ಇಲ್ಲಿ ಕೊಂಡಾಡುತ್ತಿರುವ ಬೆಸುಗೆ ಅವರ ಪಾಲಿಗೆ ಒಂದು ರಾಜಿಯಾಗಿತ್ತೇನೋ.

ಮೂರನೆಯದು ನನ್ನ ಪಕ್ಷಪಾತ. ಆ ತಟ್ಟೆಯಲ್ಲಿ ಸಿಂಗಲ್ ಎಂಬ ಹೆಸರಿಗೆ ತಕ್ಕ ಹಾಡು ‘ಪೆನ್ನಿ ಲೇನ್’. ಬಸ್ಸುಗಳು ತಿರುಗುವ ವೃತ್ತ, ಕ್ಷೌರದಂಗಡಿ, ಬ್ಯಾಂಕು, ಅಗ್ನಿಶಾಮಕ ಠಾಣೆ, ಹೀಗೆ ಲಿವರ್‌ಪೂಲಿನ ಒಂದು ಬೀದಿಯನ್ನು ಮೂರು ನಿಮಿಷಗಳಲ್ಲಿ ಅದು ಕಣ್ಣಮುಂದೆ ನಿಲ್ಲಿಸುತ್ತದೆ. ಅದೇ ಬಾಲ್ಯ, ಅದೇ ಊರು, ಆದರೆ ಬೆಳಗಿನ ಬೆಳಕಿನಲ್ಲಿ.

ಓದುಗ ಗೆಳತಿ:

‘ಪೆನ್ನಿ ಲೇನ್’ ಹಾಡಿನಲ್ಲಿ ಕೇಳುವ ಎತ್ತರದ ಶ್ರುತಿಯ ತುತ್ತೂರಿ ಯಾರದು? ಅದು ತುತ್ತೂರಿಯೋ ಅಥವಾ ಮೆಲೊಟ್ರಾನ್‌ನಂಥ ಯಂತ್ರದ ಸದ್ದೋ ಎಂಬ ಅನುಮಾನ ನನಗೆ ಹಿಂದಿನಿಂದಲೂ ಇದೆ.

ರೀಲು ಟೇಪು:

ಅದು ನಿಜವಾದ ವಾದ್ಯವೇ, ಪಿಕೊಲೊ ತುತ್ತೂರಿ. ಬಿಬಿಸಿ ದೂರದರ್ಶನದಲ್ಲಿ ಬಾಖ್ ಅವರ ಎರಡನೆಯ ಬ್ರಾಂಡೆನ್‌ಬರ್ಗ್ ಕಾನ್ಚೆರ್ಟೊ ಪ್ರಸಾರವಾದಾಗ ಡೇವಿಡ್ ಮೇಸನ್ ನುಡಿಸಿದ್ದನ್ನು ಮೆಕಾರ್ಟ್ನಿ ನೋಡಿದರು, ಅಂಥದ್ದೇ ಸದ್ದು ತಮ್ಮ ಹಾಡಿಗೆ ಬೇಕೆಂದರು. 1967ರ ಜನವರಿ 17ರಂದು ಮೇಸನ್ ಸ್ಟುಡಿಯೋಗೆ ಬಂದರು. ಬರೆದಿಟ್ಟ ಸ್ವರಲಿಪಿ ಯಾವುದೂ ಇರಲಿಲ್ಲ. ಮೆಕಾರ್ಟ್ನಿ ಬಾಯಲ್ಲಿ ಹಾಡಿ ತೋರಿಸಿದ್ದನ್ನು ಮಾರ್ಟಿನ್ ಬರೆದುಕೊಡುತ್ತ ಹೋದರು, ಮೇಸನ್ ನುಡಿಸಿದರು. ಅಮೆರಿಕದ ಬಾನುಲಿ ಕೇಂದ್ರಗಳಿಗೆ ಮುಂಚಿತವಾಗಿ ಕಳುಹಿಸಿದ ತಟ್ಟೆಗಳಲ್ಲಿ ಹಾಡಿನ ಕೊನೆಗೆ ತುತ್ತೂರಿಯ ಇನ್ನೊಂದು ಪುಟ್ಟ ಸಂಚಾರವಿತ್ತು. ಅಂಗಡಿಗೆ ಬಂದ ತಟ್ಟೆಯಲ್ಲಿ ಅದನ್ನು ತೆಗೆದಿದ್ದಾರೆ, ಸಂಗ್ರಾಹಕರು ಈಗ ಆ ಮೊದಲಿನ ತಟ್ಟೆಗಳ ಬೆನ್ನು ಬಿದ್ದಿರುವುದು ಅದಕ್ಕಾಗಿಯೇ.

ಸೀದಾ ಮಾತು ಅವರಿಗೆ ಒಂದು ಪ್ರಶ್ನೆ. ಡಿಸೆಂಬರ್ 29ರಂದು ‘ಪೆನ್ನಿ ಲೇನ್’ ಮುದ್ರಣ ಆರಂಭವಾದಾಗ ಮೆಕಾರ್ಟ್ನಿ ಮಾಡಿದ್ದೇನು? ಒಂದರ ಮೇಲೊಂದು ಪಿಯಾನೊಗಳನ್ನು ಬೇರೆ ಬೇರೆ ರೀತಿಯಲ್ಲಿ ಮುದ್ರಿಸುತ್ತ ಹಾಡಿನ ತಳಪಾಯ ಹಾಕಿದರು. ಅದೂ ವೇದಿಕೆಯ ಮೇಲೆ ನಾಲ್ವರು ನುಡಿಸಬಹುದಾದ ಹಾಡಲ್ಲ. ಬೆಳಗಿನ ಬೆಳಕಿನಂಥದ್ದೆಂದು ನೀವು ಮೆಚ್ಚಿದ ಹಾಡು ಕೂಡ ಸ್ಟುಡಿಯೋದ ಕೂಸೇ.

ಹಳೇ ರೆಕಾರ್ಡು:

ಸ್ವಾಗತದ ವಿಷಯಕ್ಕೆ ಬರೋಣ. ಮೊದಲು ಆ ಚಳಿಗಾಲದ ಹಿನ್ನೆಲೆಯನ್ನು ನೋಡಬೇಕು. 1966ರ ಕ್ರಿಸ್‌ಮಸ್ ಮಾರುಕಟ್ಟೆಗೆ ಬೀಟಲ್ಸ್ ತಂಡದ ಹೊಸ ಹಾಡುಗಳು ಬರಲಿಲ್ಲ. ಆ ಡಿಸೆಂಬರ್‌ನಲ್ಲಿ ಕಂಪನಿ ಹಳೆಯ ಹಾಡುಗಳ ಸಂಕಲನವೊಂದನ್ನು ಹೊರತಂದು ಕೈತೊಳೆದುಕೊಂಡಿತು. ಕಛೇರಿಗಳು ನಿಂತಿದ್ದವು, ಶರತ್ಕಾಲದಲ್ಲಿ ನಾಲ್ವರೂ ಬೇರೆ ಬೇರೆ ಕಡೆ ಇದ್ದರು, ತಂಡ ಒಡೆಯಿತೇ ಎಂದು ಪತ್ರಿಕೆಗಳು ಬರೆಯತೊಡಗಿದ್ದವು. ವ್ಯವಸ್ಥಾಪಕ ಬ್ರಯಾನ್ ಎಪ್‌ಸ್ಟೀನ್ ತುರ್ತಾಗಿ ಒಂದು ಸಿಂಗಲ್ ಬೇಕೆಂದು ಮಾರ್ಟಿನ್ ಅವರ ಬೆನ್ನು ಬಿದ್ದದ್ದು ಈ ಕಾರಣಕ್ಕೆ. ಮುಂದಿನ ಆಲ್ಬಮ್‌ಗೆಂದು ಮುದ್ರಿಸುತ್ತಿದ್ದ ಹಾಡುಗಳಲ್ಲಿ ಅತ್ಯುತ್ತಮವಾದ ಎರಡನ್ನು ಮಾರ್ಟಿನ್ ಎಪ್‌ಸ್ಟೀನ್‌ಗೆ ಒಪ್ಪಿಸಿದರು.

ತಟ್ಟೆಯ ಜೊತೆಗೆ ಚಿತ್ರವಿದ್ದ ಹೊದಿಕೆ ಬಂತು. ಬ್ರಿಟನ್ನಿನಲ್ಲಿ ಈ ತಂಡದ ಸಿಂಗಲ್ ಒಂದಕ್ಕೆ ಅಂಥ ಹೊದಿಕೆ ಇದೇ ಮೊದಲು. ಹಿಂಬದಿಯಲ್ಲಿ ನಾಲ್ವರ ಬಾಲ್ಯದ ಫೋಟೋಗಳಿದ್ದವು. ಟೀವಿಯಲ್ಲಿ ಖುದ್ದಾಗಿ ಕಾಣಿಸಿಕೊಳ್ಳುವ ಬದಲು ಸ್ವೀಡನ್ನಿನ ಪೀಟರ್ ಗೋಲ್ಡ್‌ಮನ್ ಅವರ ನಿರ್ದೇಶನದಲ್ಲಿ ಎರಡೂ ಹಾಡಿಗೆ ಕಿರುಚಿತ್ರಗಳನ್ನು ಮಾಡಿಸಿದರು. ‘ಸ್ಟ್ರಾಬೆರಿ ಫೀಲ್ಡ್ಸ್’ ಚಿತ್ರವನ್ನು ಕೆಂಟ್ ಪ್ರಾಂತ್ಯದ ಸೆವೆನೋಕ್ಸ್ ಬಳಿಯ ನೋಲ್ ಪಾರ್ಕ್‌ನಲ್ಲಿ ಜನವರಿ ಕೊನೆಯಲ್ಲಿ ತೆಗೆದರು. ಅದರಲ್ಲಿ ಒಬ್ಬರೂ ಹಾಡುವಂತೆ ನಟಿಸುವುದಿಲ್ಲ. ಒಂದು ಬೋಳು ಮರ, ಅದರ ಕೆಳಗೊಂದು ಪಿಯಾನೊ, ಪಿಯಾನೊದಿಂದ ಕೊಂಬೆಗಳಿಗೆ ಹಬ್ಬಿದ ತಂತಿಗಳು, ಫಿಲ್ಮನ್ನು ತಿರುಗುಮುರುಗಾಗಿ ಓಡಿಸಿದ್ದರಿಂದ ನೆಲದಿಂದ ಮರಕ್ಕೆ ಹಿಮ್ಮುಖವಾಗಿ ಹಾರುವ ಮೆಕಾರ್ಟ್ನಿ, ಕೊನೆಗೆ ಪಿಯಾನೊದ ಮೇಲೆ ಸುರಿಯುವ ಬಣ್ಣ. ಹಾಡಿನಲ್ಲಿ ಟೇಪಿಗೆ ಮಾಡಿದ್ದನ್ನೇ ಇಲ್ಲಿ ಫಿಲ್ಮಿಗೆ ಮಾಡಿದ್ದಾರೆ.

ಈ ಚಿತ್ರಗಳನ್ನು ಮಾರ್ಚ್ 11ರಂದು ಅಮೆರಿಕದ ‘ಅಮೆರಿಕನ್ ಬ್ಯಾಂಡ್‌ಸ್ಟ್ಯಾಂಡ್’ ಕಾರ್ಯಕ್ರಮದಲ್ಲಿ ತೋರಿಸಿ, ನಿರೂಪಕ ಡಿಕ್ ಕ್ಲಾರ್ಕ್ ಅಲ್ಲಿದ್ದ ಹದಿಹರೆಯದವರ ಅಭಿಪ್ರಾಯ ಕೇಳಿದರು. ಆ ದೃಶ್ಯ ಇಂದಿಗೂ ನೋಡಲು ಸಿಗುತ್ತದೆ. ಬಹುತೇಕರು ಹಾಡಿನ ಬಗ್ಗೆ ಮಾತೇ ಆಡುವುದಿಲ್ಲ, ಮೀಸೆಯ ಬಗ್ಗೆ ದೂರುತ್ತಾರೆ! ತಮ್ಮ ಹುಡುಗರು ಮುದುಕರಂತೆ ಕಾಣುತ್ತಿದ್ದಾರೆಂಬ ಬೇಸರ ಅವರದು. ಸೀದಾ ಮಾತು ಅವರೇ, ತಯಾರಿಕೆಯ ಗುಟ್ಟು ಕೇಳುಗರಿಗೆ ಗೊತ್ತಿರಲಿಲ್ಲವೆಂಬ ನಿಮ್ಮ ಮಾತನ್ನು ಒಪ್ಪುತ್ತೇನೆ. ಆದರೆ ತಮ್ಮ ಮುಂದೆ ನಿಂತು ಹಾಡುತ್ತಿದ್ದವರು ಈಗ ಮರದ ಕೆಳಗೆ ಓಡಾಡುತ್ತ ಹಾಡನ್ನು ಬೇರೆಲ್ಲಿಂದಲೋ ಕೇಳಿಸುತ್ತಿದ್ದಾರೆ ಎಂಬುದು ಅವರಿಗೆ ತಿಳಿಯಿತು, ಅದು ಅವರನ್ನು ಕಂಗೆಡಿಸಿತು.

ಬಾನುಲಿ ಕೇಳುಗ:

ಮೊದಲ ಸ್ಥಾನವನ್ನು ತಪ್ಪಿಸಿದ ಹಾಡು ಯಾವುದೆಂದು ಯಾರೂ ಹೇಳಲಿಲ್ಲವಲ್ಲ. ಅದು ಎಂಗೆಲ್ಬರ್ಟ್ ಹಂಪರ್‌ಡಿಂಕ್ ಹಾಡಿದ ‘ರಿಲೀಸ್ ಮಿ’ ಎಂಬ ವಿರಹಗೀತೆ. ಆರು ವಾರ ಮೊದಲ ಸ್ಥಾನದಲ್ಲಿದ್ದ ಆ ಹಾಡನ್ನು ಹಾಡಿದವರ ಜನ್ಮನಾಮ ಆರ್ನಾಲ್ಡ್ ಜಾರ್ಜ್ ಡಾರ್ಸಿ, ಹುಟ್ಟಿದ್ದು 1936ರಲ್ಲಿ ನಮ್ಮ ನೆರೆಯ ಮದರಾಸಿನಲ್ಲಿ. ಸ್ವರಮಂಡಲವಿದ್ದ ಹಾಡನ್ನು ಮದರಾಸಿನಲ್ಲಿ ಹುಟ್ಟಿದವರು ತಡೆದರು ಎಂಬುದು ನನಗೆ ಬಹಳ ಖುಷಿ ಕೊಡುವ ಸಂಗತಿ, ಅದರಿಂದ ಏನೂ ಸಾಬೀತಾಗುವುದಿಲ್ಲ ಎಂಬುದು ಬೇರೆ ಮಾತು.

ಇನ್ನು ಸೋಲಿನ ಲೆಕ್ಕ. ಅಂದಿನ ಬ್ರಿಟನ್ನಿನಲ್ಲಿ ಪಟ್ಟಿ ಪ್ರಕಟಿಸುತ್ತಿದ್ದ ಪತ್ರಿಕೆ ಒಂದೇ ಆಗಿರಲಿಲ್ಲ. ‘ಮೆಲೊಡಿ ಮೇಕರ್’ ಪತ್ರಿಕೆಯ ಪಟ್ಟಿಯಲ್ಲಿ ಇದೇ ತಟ್ಟೆ ಮೊದಲ ಸ್ಥಾನಕ್ಕೇರಿತ್ತು. ‘ರೆಕಾರ್ಡ್ ರೀಟೇಲರ್’ ಪಟ್ಟಿಯನ್ನು ಅಧಿಕೃತವೆಂದು ಎಲ್ಲರೂ ಎಣಿಸತೊಡಗಿದ್ದು ನಂತರದ ಕಾಲದಲ್ಲಿ. ಅಮೆರಿಕದ ‘ಬಿಲ್‌ಬೋರ್ಡ್’ ಪಟ್ಟಿ ಎರಡು ಮಗ್ಗುಲುಗಳನ್ನು ಬೇರೆ ಬೇರೆಯಾಗಿ ಲೆಕ್ಕ ಹಾಕುತ್ತಿತ್ತು. ಅಲ್ಲಿ ಮಾರ್ಚ್ 18ರ ವಾರ ‘ಪೆನ್ನಿ ಲೇನ್’ ಮೊದಲ ಸ್ಥಾನ ಪಡೆಯಿತು, ‘ಸ್ಟ್ರಾಬೆರಿ ಫೀಲ್ಡ್ಸ್’ ಎಂಟರಲ್ಲಿ ನಿಂತಿತು. ಹಾಗಾಗಿ ಜೋಡಿ ಮಗ್ಗುಲಿನ ತೀರ್ಮಾನದಿಂದಲೇ ತಟ್ಟೆ ಹಿಂದುಳಿಯಿತು ಎಂದು ಮಾರ್ಟಿನ್ ಕೊನೆಯವರೆಗೂ ಹೇಳುತ್ತಿದ್ದುದರಲ್ಲಿ ಹುರುಳಿದೆ.

ಸೀದಾ ಮಾತು:

ಬಾನುಲಿ ಕೇಳುಗರೇ, ಮಾರ್ಟಿನ್ ಅವರ ಆ ಸಮರ್ಥನೆ ನಿಲ್ಲುವುದಿಲ್ಲ. 1965ರ ಡಿಸೆಂಬರ್‌ನಲ್ಲಿ ಬಂದ ‘ಡೇ ಟ್ರಿಪರ್’ ಮತ್ತು ‘ವಿ ಕ್ಯಾನ್ ವರ್ಕ್ ಇಟ್ ಔಟ್’ ತಟ್ಟೆಯ ಎರಡೂ ಮಗ್ಗುಲು ಮುಖ್ಯವೆಂದೇ ಸಾರಿದ್ದರು, ಅದು ಮೊದಲ ಸ್ಥಾನ ಪಡೆಯಿತು. 1966ರ ‘ಯೆಲ್ಲೋ ಸಬ್‌ಮರೀನ್’ ಮತ್ತು ‘ಎಲೀನರ್ ರಿಗ್ಬಿ’ ತಟ್ಟೆಯೂ ಹಾಗೆಯೇ, ಅದೂ ಮೊದಲ ಸ್ಥಾನ ಪಡೆಯಿತು. ಎರಡು ಬಾರಿ ಗೆದ್ದ ಉಪಾಯ ಮೂರನೆಯ ಬಾರಿ ಮಾತ್ರ ಹೇಗೆ ಸೋಲಿಗೆ ಕಾರಣವಾಗುತ್ತದೆ?

ನನ್ನ ದೃಷ್ಟಿಯಲ್ಲಿ ಉತ್ತರ ಸರಳವಾಗಿದೆ. ‘ರಿಲೀಸ್ ಮಿ’ ಕೊಂಡವರು ಬೀಟಲ್ಸ್ ಕೈಬಿಟ್ಟು ಆ ಕಡೆ ಹೋದವರಲ್ಲ. ಅದುವರೆಗೆ ಸಿಂಗಲ್ ತಟ್ಟೆಗಳನ್ನು ಅಷ್ಟಾಗಿ ಕೊಳ್ಳದಿದ್ದ ನಡುವಯಸ್ಸಿನವರು, ಗೃಹಿಣಿಯರು ಒಮ್ಮೆಲೇ ಅಂಗಡಿಗೆ ಬಂದರು. ಇದು ನನ್ನ ಊಹೆ, ಆದರೆ ಆ ಹಾಡಿನ ಶೈಲಿಯನ್ನು ಕೇಳಿದ ಯಾರಿಗಾದರೂ ಹೊಳೆಯುವ ಊಹೆ. ಬೀಟಲ್ಸ್ ತಮ್ಮ ಕೇಳುಗರನ್ನು ಕಳೆದುಕೊಳ್ಳಲಿಲ್ಲ, ಬೇರೆಯವರು ಹೊಸ ಕೇಳುಗರನ್ನು ತಂದರು. ಹಾಗಿದ್ದ ಮೇಲೆ, ತಯಾರಿಕೆಯ ಹೊಸತನದಿಂದ ಕೇಳುಗರು ಗೊಂದಲಕ್ಕೀಡಾದರೆಂಬ ಈ ಚರ್ಚೆಯ ಮೂಲ ವಾದಕ್ಕೆ ಪಟ್ಟಿಯ ಎರಡನೆಯ ಸ್ಥಾನವನ್ನು ಸಾಕ್ಷಿಯಾಗಿ ತರಲಾಗದು.

ಹಳೇ ರೆಕಾರ್ಡು:

ಹಿಂದಿನ ಎರಡು ಜೋಡಿ ತಟ್ಟೆಗಳ ಉದಾಹರಣೆ ಬಲವಾದದ್ದು, ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಪಟ್ಟಿಯನ್ನು ಬದಿಗಿಡುತ್ತೇನೆ. ಆದರೆ ಗೊಂದಲಕ್ಕೆ ಬೇರೆ ಸಾಕ್ಷಿಗಳಿವೆ, ಅವು ನಿಧಾನವಾಗಿ ಹೊರಬಂದವು. 1969ರ ಅಕ್ಟೋಬರ್‌ನಲ್ಲಿ ಡೆಟ್ರಾಯ್ಟ್‌ನ ಬಾನುಲಿ ಕೇಂದ್ರವೊಂದರ ಮೂಲಕ, ಮೆಕಾರ್ಟ್ನಿ ಹಿಂದೆಯೇ ತೀರಿಹೋಗಿದ್ದಾರೆ, ಹಾಡುಗಳಲ್ಲಿ ಅದರ ಸುಳಿವುಗಳನ್ನು ಬಚ್ಚಿಟ್ಟಿದ್ದಾರೆ ಎಂಬ ವದಂತಿ ಹಬ್ಬಿತು. ಮುಖ್ಯ ಸುಳಿವುಗಳಲ್ಲಿ ಒಂದು ಈ ಹಾಡಿನ ಕೊನೆಯಲ್ಲಿ ಲೆನನ್ ಗೊಣಗುವ ಎರಡು ಪದಗಳು. ಪಾಲ್‌ನನ್ನು ಹೂಳಿದೆ ಎಂದು ಜನ ಕೇಳಿಸಿಕೊಂಡರು; ತಾನು ಹೇಳಿದ್ದು ಕ್ರ್ಯಾನ್‌ಬೆರಿ ಸಾಸ್ ಎಂದು ಲೆನನ್ 1980ರಲ್ಲಿ ಸ್ಪಷ್ಟಪಡಿಸಿದರು. 1996ರ ‘ಆಂಥಾಲಜಿ 2’ ಸಂಪುಟದಲ್ಲಿ ಆ ಭಾಗದ ಸದ್ದು ತಿಳಿಯಾಗಿದ್ದು, ಸಾಸ್ ಎಂಬುದು ಯಾರಿಗಾದರೂ ಕೇಳುತ್ತದೆ.

ಹಾಡಿನ ತುದಿಯಲ್ಲಿ ಸದ್ದು ಕರಗಿ, ಮೌನವಾಗಿ, ಮತ್ತೆ ಏರಿ ಬರುವಂತೆ ಮಾಡಿರದಿದ್ದರೆ ಯಾರೂ ಅಲ್ಲಿ ಕಿವಿಗೊಟ್ಟು ಹುಡುಕುತ್ತಿರಲಿಲ್ಲ. ಹಾಡು ಮುಗಿದ ಮೇಲೂ ಏನೋ ಇದೆ ಎಂಬ ಅನುಮಾನವನ್ನು ಹುಟ್ಟಿಸಿದ್ದು ಆ ಜೋಡಣೆಯೇ. ತಟ್ಟೆಯನ್ನು ಹಿಂದೆ ಮುಂದೆ ತಿರುಗಿಸಿ ಕೇಳುವ ಹೊಸ ಜಾತಿಯ ಕೇಳುಗರನ್ನು ಅದು ಸೃಷ್ಟಿಸಿತು, ಅವರಲ್ಲಿ ಕೆಲವರು ವದಂತಿಯ ಬೆನ್ನು ಹತ್ತಿದರು, ಕೆಲವರು ನಮ್ಮ ರೀಲು ಟೇಪು ಅವರಂತೆ ಬೆಸುಗೆಯ ಬೆನ್ನು ಹತ್ತಿದರು.

ಓದುಗ ಗೆಳತಿ:

ಈ ಎರಡೂ ಹಾಡು ‘ಸಾರ್ಜೆಂಟ್ ಪೆಪ್ಪರ್’ ಆಲ್ಬಮ್‌ನಲ್ಲಿ ಇರಬೇಕಾಗಿತ್ತಲ್ಲವೇ? ಇದ್ದಿದ್ದರೆ ಆ ಆಲ್ಬಮ್‌ನ ಸ್ವರೂಪವೇ ಬದಲಾಗುತ್ತಿತ್ತು ಎನ್ನುವವರಿದ್ದಾರೆ.

ತಂಬೂರಿ:

ಇರಬೇಕಾಗಿತ್ತು. ಸಿಂಗಲ್ ಆಗಿ ಬಂದ ಹಾಡನ್ನು ಆಲ್ಬಮ್‌ನಲ್ಲಿ ಮತ್ತೆ ಸೇರಿಸಿದರೆ ಒಂದೇ ಹಾಡಿಗೆ ಎರಡು ಬಾರಿ ದುಡ್ಡು ತೆಗೆದುಕೊಂಡಂತಾಗುತ್ತದೆ ಎಂಬ ನಿಲುವು ಬ್ರಿಟನ್ನಿನಲ್ಲಿ ಅವರದಾಗಿತ್ತು. ಆ ಸಭ್ಯತೆಗೆ ಎರಡೂ ಹಾಡು ಬಲಿಯಾದವು. ಇವನ್ನು ಹೊರಗಿಟ್ಟದ್ದು ತಮ್ಮ ವೃತ್ತಿಜೀವನದ ಅತಿ ದೊಡ್ಡ ತಪ್ಪೆಂದು ಮಾರ್ಟಿನ್ ಮುಂದೆ ಹೇಳಿಕೊಂಡರು. ಆಲ್ಬಮ್‌ಗೆಂದು ಮೊದಲು ಮುದ್ರಿಸಿದ ಮೂರು ಹಾಡುಗಳಲ್ಲಿ ಇವೆರಡನ್ನು ತೆಗೆದ ಮೇಲೆ ‘ವೆನ್ ಐ ಆ್ಯಮ್ ಸಿಕ್ಸ್ಟಿ ಫೋರ್’ ಒಂದೇ ಉಳಿಯಿತು, ಲಿವರ್‌ಪೂಲಿನ ಬಾಲ್ಯದ ಎಳೆಯೂ ಅಲ್ಲಿಗೆ ತುಂಡಾಯಿತು. ಆದರೆ ನನಗನ್ನಿಸುವಂತೆ ಹೊರಗುಳಿದದ್ದು ಹಾಡುಗಳಿಗೆ ಒಳ್ಳೆಯದೇ ಆಯಿತು. ಹದಿಮೂರು ಹಾಡುಗಳ ಸಾಲಿನಲ್ಲಿ ಕೂತಿದ್ದರೆ ಅವೆರಡೂ ಒಂದಕ್ಕೊಂದು ಬೆನ್ನು ಕೊಟ್ಟು ನಿಂತ ಜೋಡಿಯೆಂದು ಯಾರಿಗೂ ಕಾಣುತ್ತಿರಲಿಲ್ಲ.

ರೀಲು ಟೇಪು:

ಸ್ವತಃ ಕೇಳಿ ತೀರ್ಮಾನಿಸಲು ಇಚ್ಛಿಸುವವರಿಗೆ ಒಂದು ಸಲಹೆ. 2017ರಲ್ಲಿ ‘ಸಾರ್ಜೆಂಟ್ ಪೆಪ್ಪರ್’ ಬಂದು 50 ವರ್ಷವಾದ ನೆನಪಿಗೆ ಹೊರತಂದ ಸಂಪುಟದಲ್ಲಿ 7ನೆಯ ಮತ್ತು 26ನೆಯ ಟೇಕ್‌ಗಳು ಬೇರೆ ಬೇರೆಯಾಗಿ ಇವೆ. ಮೊದಲು 26ನೆಯದನ್ನು ಕೇಳಬೇಕು. ವೇಗ ಇಳಿಸದ ಆ ರೂಪದಲ್ಲಿ ಲೆನನ್ ಕಂಠ ತೆಳ್ಳಗೆ, ಅವಸರದ್ದಾಗಿ ಕೇಳುತ್ತದೆ, ಚೆಲ್ಲೊಗಳು ಕಚ್ಚಿದಂತೆ ಬರುತ್ತವೆ. ಆಮೇಲೆ ಏಳನೆಯದನ್ನು ಕೇಳಿದರೆ ಅದು ಎಷ್ಟು ಸಾಧುವಾದದ್ದೆಂದು ತಿಳಿಯುತ್ತದೆ. ಎರಡನ್ನೂ ಪೂರ್ತಿ ಕೇಳಿದ ಮೇಲೆ ಬಿಡುಗಡೆಯಾದ ಹಾಡಿಗೆ ಹೋದರೆ, ಅದರಲ್ಲಿರುವ ನಿದ್ದೆ ಮತ್ತು ಎಚ್ಚರಗಳ ನಡುವಿನ ಭಾವ ಈ ಎರಡರಲ್ಲಿ ಯಾವುದರಲ್ಲೂ ಇಲ್ಲವೆಂಬುದು ಗೊತ್ತಾಗುತ್ತದೆ. ಅದು ಹುಟ್ಟಿದ್ದು ಡಿಸೆಂಬರ್ 22ರಂದು, ಇಬ್ಬರು ತಂತ್ರಜ್ಞರ ಕೈಯಲ್ಲಿ.

ಸೀದಾ ಮಾತು:

ಕೇಳಿದೆ, ನೀವು ಹೇಳಿದ ಕ್ರಮದಲ್ಲೇ. 26ನೆಯದರ ಬಗ್ಗೆ ನಿಮ್ಮ ಮಾತು ನಿಜ, ಅದು ಒಂಟಿಯಾಗಿ ನಿಲ್ಲುವ ಹಾಡಲ್ಲ. ಆದರೆ ಏಳನೆಯದು ನಿಲ್ಲುತ್ತದೆ. ತುತ್ತೂರಿ ಇಲ್ಲ, ಚೆಲ್ಲೊ ಇಲ್ಲ, ಮೆಲೊಟ್ರಾನ್ ಮತ್ತು ಗಿಟಾರ್ ಕಂಠಕ್ಕೆ ಜಾಗ ಬಿಟ್ಟುಕೊಟ್ಟು ಸರಿದು ನಿಂತಿವೆ. ನನಗೆ ಆಯ್ಕೆ ಕೊಟ್ಟಿದ್ದರೆ ನವೆಂಬರ್ 29ರ ರಾತ್ರಿಯೇ ಸ್ಟುಡಿಯೋದ ದೀಪ ಆರಿಸಿ ಎಲ್ಲರನ್ನೂ ಮನೆಗೆ ಕಳುಹಿಸುತ್ತಿದ್ದೆ. ಹ್ಯಾರಿಸನ್ ಅವರ ಸ್ವರಮಂಡಲ ನಮ್ಮ ಕೈತಪ್ಪುತ್ತಿತ್ತು, ತಂಬೂರಿ ಅವರು ನನ್ನನ್ನು ಕ್ಷಮಿಸುತ್ತಿರಲಿಲ್ಲ, ಹಂಪರ್‌ಡಿಂಕ್ ಅವರು ಆಗಲೂ ಮೊದಲ ಸ್ಥಾನದಲ್ಲೇ ಇರುತ್ತಿದ್ದರು.